ನಾನು ಬರೆಸಿದ ರಶಿಯಾದ ನೋಟ್ಸು

ಹೋದ ತಿಂಗಳು ಕುಮಟೆಯ ನಮ್ಮ ಮನೆಯ ಪಕ್ಕದಲ್ಲಿ ಬಡಗಿಯೊಬ್ಬರು ಹಳೆಯ ಬಾಗಿಲೊಂದಕ್ಕೆ ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಗೆದ್ದಲು ಹಿಡಿಯದಿರಲೆಂದು ಬಳಿಯುವ ಈ ಎಣ್ಣೆಯ ನಾತ ಒಮ್ಮೆ ಮೂಗಿಗೆ ಬಡಿದರೆ ಎರಡು ದಿನ ಬಿಡುವುದಿಲ್ಲ. ನನ್ನ ಹೆಂಡತಿ ಹೋಗಿ ಕಿಟಕಿ ಮುಚ್ಚಿ ಬಂದಳು. ನಾನು ಹೋಗಿ ಮತ್ತೆ ತೆರೆದೆ. “ಎಂತ ಮಾರಾಯ್ರೆ, ಈ ನಾತವೂ ಬೇಕಾ ನಿಮಗೆ?” ಎಂದಳು. ನನಗೆ ಬೇಕಾಗಿತ್ತು. ಮಳೆಗಾಲದಲ್ಲಿ ದಂಡೆಗೆ ಎಳೆದು, ತೆಂಗಿನ ಮಡಲು ಹೊದಿಸಿಟ್ಟ ದೋಣಿಗಳಿಗೂ ಇದೇ ಎಣ್ಣೆ ಬಳಿಯುತ್ತಾರೆ. ಅಂಥ ದೋಣಿಯೊಂದರ ಪಕ್ಕದಲ್ಲಿ, ಮಾವಳ್ಳಿಯ ಒಂದು ಮನೆಯ ಜಗುಲಿಯ ಮೇಲೆ ಕೂತು, ನಾನು ಕ್ಲಾಸಿನಲ್ಲಿ ಆಡಿದ ಒಂದು ಮಾತಿಗೆ ಲೆಕ್ಕ ಒಪ್ಪಿಸಬೇಕಾಗಿ ಬಂದಿತ್ತು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅದು. ನನಗೆ ಇಪ್ಪತ್ತನಾಲ್ಕು. ಹಿರೇಗುತ್ತಿಯವನಾದ ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ ಬಂದು, ಭಟ್ಕಳದ ಒಂದು ಕಾಲೇಜಿನಲ್ಲಿ ಒಂದು ವರ್ಷದ ಮಟ್ಟಿಗೆ ಮಾಸ್ತರನಾಗಿದ್ದೆ. ತತ್ವಶಾಸ್ತ್ರ ತೆಗೆದುಕೊಂಡವರು ಏಳೇ ಏಳು ಜನ. ಅವರಲ್ಲಿ ಮೂವರು ಬೇರೆ ವಿಷಯದಲ್ಲಿ ಜಾಗ ಸಿಗದೆ ಬಂದವರು. ಮರುವರ್ಷ ಆ ವಿಷಯವೇ ನಿಂತುಹೋಯಿತು, ನಾನು ಹೊನ್ನಾವರದಲ್ಲಿ ಬ್ಯಾಂಕು ಸೇರಿ ಅಲ್ಲೇ ನಿವೃತ್ತನಾದೆ. ಹಾಗಾಗಿ ನನ್ನ ಮಾಸ್ತರಿಕೆ ಎಂದರೆ ಆ ಒಂದು ವರ್ಷ. ಅದರಲ್ಲೂ ನೆನಪಿರುವುದು ಒಂದು ಮಳೆಗಾಲ ಮಾತ್ರ.

ಆಗ ನನ್ನ ತಲೆ ತುಂಬ ರಶಿಯಾ ತುಂಬಿತ್ತು. ಆ ಕಾಲದಲ್ಲಿ ಇದು ವಿಶೇಷವೇನಲ್ಲ. ಮಳೆ ಶುರುವಾಗುವ ಮೊದಲು ಕುಮಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ರಶಿಯಾದ ಸರ್ಕಾರ ಅಗ್ಗಕ್ಕೆ ಅಚ್ಚು ಹಾಕಿಸಿದ ಪುಸ್ತಕಗಳ ವ್ಯಾನೊಂದು ಬಂದು ನಿಲ್ಲುತ್ತಿತ್ತು. ಗಟ್ಟಿ ರಟ್ಟು, ಬೆಳ್ಳಗಿನ ಕಾಗದ, ಒಂದು ಪ್ಲೇಟು ಬನ್ಸಿನ ಬೆಲೆಗೆ ಒಂದು ಪುಸ್ತಕ. ಮನೆಮನೆಯಲ್ಲೂ ರಶಿಯಾದ ಕರಡಿಯ, ನರಿಯ ಚಿತ್ರದ ಮಕ್ಕಳ ಪುಸ್ತಕಗಳಿರುತ್ತಿದ್ದವು. ನಾನು ದಪ್ಪದಪ್ಪ ತತ್ವಶಾಸ್ತ್ರದ ಪುಸ್ತಕಗಳನ್ನು ಕೊಳ್ಳುತ್ತಿದ್ದೆ. ಅವುಗಳ ತೊಂದರೆಯೆಂದರೆ ಪ್ರಶ್ನೆ ಎದ್ದೇಳುವ ಮೊದಲೇ ಉತ್ತರ ಬಂದು ಕೂತಿರುತ್ತಿತ್ತು. ಓದುವವನಿಗೆ ತಲೆಯಾಡಿಸುವುದು ಬಿಟ್ಟು ಬೇರೆ ಕೆಲಸ ಇರುತ್ತಿರಲಿಲ್ಲ.

ಇನ್ನೊಂದು ರಶಿಯಾವನ್ನು ನನಗೆ ತೋರಿಸಿದವರು ಧಾರವಾಡದ ನನ್ನ ಗುರುಗಳು. ಊರಿಗೆ ಹೊರಟಾಗ ಅವರು ಬೈಂಡು ಬಿಚ್ಚಿದ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ಆ ವ್ಯಾನಿನಲ್ಲಿ ಜಾಗ ಸಿಗದ ರಶಿಯನ್ ಚಿಂತಕರ ಬರಹಗಳ ಸಂಗ್ರಹ ಅದು. ದೇವರಿಗಿಂತಲೂ ಮೊದಲೇ ಸ್ವಾತಂತ್ರ್ಯ ಇತ್ತು ಎನ್ನುವ ಒಬ್ಬರು, ಜಗತ್ತೆಲ್ಲ ಒಂದೇ ದೇಹ ಎನ್ನುವ ಇನ್ನೊಬ್ಬರು, ಗಣಿತ ಬಲ್ಲ ಪಾದ್ರಿಯೊಬ್ಬರು. ಆ ಪಾದ್ರಿಯನ್ನು ಸೆರೆಯಲ್ಲಿಟ್ಟು ಗುಂಡಿಟ್ಟು ಕೊಂದಿದ್ದರು. ಕ್ರಾಂತಿಯಾದ ಕೆಲವು ವರ್ಷಗಳ ಮೇಲೆ ಸರ್ಕಾರ ತನಗೆ ಬೇಡವಾದ ಚಿಂತಕರನ್ನು ಸಂಸಾರ ಸಮೇತ ಹಡಗಿಗೆ ಹತ್ತಿಸಿ ದೇಶದಿಂದಲೇ ಕಳಿಸಿಬಿಟ್ಟಿತ್ತು. ಆ ವರ್ಷ ವ್ಯಾನು ಬಂದಾಗ ನಾನು ಈ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿದೆ. ವ್ಯಾನಿನ ಮನುಷ್ಯ ಪಟ್ಟಿಯಲ್ಲಿ ಬೆರಳಾಡಿಸಿ, “ಇವರು ರಶಿಯಾದವರು ಹೌದಾ ಸರ್?” ಎಂದು ನನ್ನನ್ನೇ ಕೇಳಿದ.

ಗುರುಗಳು ಕೊಟ್ಟ ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ಕೂರಿಸಿದವರು ಒಬ್ಬ ಗ್ರಂಥಪಾಲಕರು. ಹತ್ತೊಂಬತ್ತನೇ ಶತಮಾನದವರು. ಮಾಸ್ಕೋದ ಲೈಬ್ರರಿಯಲ್ಲಿ ಕೆಲಸ ಮಾಡುತ್ತ, ಚಹಾ ಕುಡಿದು, ಬ್ರೆಡ್ಡು ತಿಂದು, ಸಂಬಳವನ್ನು ಬಡ ಹುಡುಗರಿಗೆ ಹಂಚುತ್ತಿದ್ದ ಮನುಷ್ಯ. ಅವರು ಹೇಳಿದ್ದು ಒಂದೇ ಮಾತು. ಮನುಷ್ಯರಿಗೆಲ್ಲ ಸೇರಿ ಮಾಡುವಂಥ ಕೆಲಸ ಒಂದೇ ಇದೆ, ಅದು ಸತ್ತ ತಂದೆತಾಯಿಯರನ್ನು ಮತ್ತೆ ಬದುಕಿಸುವುದು. ಪ್ರಾರ್ಥನೆಯಿಂದಷ್ಟೇ ಅಲ್ಲ, ವಿಜ್ಞಾನದಿಂದ, ದುಡಿಮೆಯಿಂದ. ಅವರ ಧೂಳಿನ ಕಣ ಕಣ ಹುಡುಕಿ, ಒಬ್ಬರನ್ನೂ ಬಿಡದೆ. ಅಷ್ಟು ಜನ ಎದ್ದು ಬಂದರೆ ಇರುವುದೆಲ್ಲಿ ಎಂದು ಕೇಳಿದರೆ, ಬೇರೆ ಗ್ರಹಗಳಿಲ್ಲವೇ ಎನ್ನುತ್ತಿದ್ದರು. ಆ ಲೈಬ್ರರಿಗೆ ಓದಲು ಬರುತ್ತಿದ್ದ ಕಿವಿ ಕೇಳದ ಹುಡುಗನೊಬ್ಬ ಮುಂದೆ ರಾಕೆಟ್ಟಿನ ಲೆಕ್ಕ ಹಾಕಿದ.

ಜೂನ್ ಕೊನೆಯಲ್ಲಿ ಒಂದು ದಿನ ಕರೆಂಟು ಹೋಗಿತ್ತು. ಹಂಚಿನ ಮೇಲೆ ಮಳೆಯ ಸದ್ದು ಎಷ್ಟೆಂದರೆ ಬಂದಿದ್ದ ನಾಲ್ಕು ಜನರನ್ನೂ ಮೊದಲ ಬೆಂಚಿಗೆ ಕರೆದು ಕೂರಿಸಿಕೊಂಡೆ. ಗ್ರೀಕರ ಆತ್ಮದ ಅಮರತ್ವದ ಪಾಠ ಇತ್ತು. ಅದನ್ನು ಬಿಟ್ಟು ನನ್ನ ಗ್ರಂಥಪಾಲಕರ ಕಥೆ ಶುರು ಮಾಡಿದೆ. ಹಡಗಿನ ಕಥೆಯನ್ನೂ ಹೇಳಿದೆ. ತುದಿಯಲ್ಲಿ ಕೂತಿದ್ದ ನಾಗವೇಣಿ ಎಂಬ ಹುಡುಗಿ, ಎಂದೂ ಬಾಯಿ ಬಿಡದವಳು, “ಆ ಹಡಗು ದಡ ಮುಟ್ಟಿತಾ ಸರ್?” ಎಂದು ಕೇಳಿದಳು. ಮುಟ್ಟಿತು ಎಂದೆ. ತತ್ವಶಾಸ್ತ್ರದ ಮಾಸ್ತರನಿಗೆ ಕೇಳುವ ಪ್ರಶ್ನೆಯೇ ಇದು ಎಂದು ಮನಸ್ಸಿನಲ್ಲೇ ನಕ್ಕಿದ್ದೆ.

ನಮ್ಮ ಕಡೆಯ ಕಾಲೇಜುಗಳಲ್ಲಿ ಆಗ ಪಾಠವೆಂದರೆ ನೋಟ್ಸು. ಮಾಸ್ತರರು ಅರ್ಧ ಗಂಟೆ ಮಾತಾಡಿ, ಕೊನೆಗೆ ನಿಧಾನವಾಗಿ ಬರೆಸಬೇಕು. ಬರೆಸಿದ್ದನ್ನು ಮಕ್ಕಳು ಬಾಯಿಪಾಠ ಮಾಡಬೇಕು. ಬರೆಸಿದರೆ ಮಾತ್ರ ಅದು ಪಾಠ, ಬರೆಸದಿದ್ದರೆ ಹರಟೆ. ಅಂದು ನನಗೆ ನನ್ನ ಮಾತು ಹರಟೆಯಾಗುವುದು ಬೇಡವಾಗಿತ್ತು. “ಬರೆದುಕೊಳ್ಳಿ” ಎಂದೆ. ನಾಲ್ಕು ಸಾಲು ಬರೆಸಿ, ಕೊನೆಯ ಸಾಲಾಗಿ ಇದನ್ನು ಬರೆಸಿದೆ: ‘ಸತ್ತವರನ್ನು ಸತ್ತರೆಂದು ಒಪ್ಪಿಕೊಳ್ಳುವುದೇ ಮಕ್ಕಳು ಮಾಡುವ ಮೊದಲ ದ್ರೋಹ.’ ಆ ವಾಕ್ಯ ಬಾಯಿಂದ ಹೊರಟ ರೀತಿಗೆ ನನಗೇ ಮೈ ಜುಮ್ಮೆಂದಿತು. ಮೂರು ವಾರ ಸಂತೋಷದಲ್ಲಿದ್ದೆ.

ಜುಲೈ ಮುಗಿಯುತ್ತ ಬಂದಾಗ ಒಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು. ನಲವತ್ತರ ಒಳಗಿನವರು, ಮಂಡಿಯವರೆಗೆ ಎತ್ತಿ ಕಟ್ಟಿದ ಲುಂಗಿ, ಕೊಡೆಯಿಂದ ನೀರು ಸೋರುತ್ತಿತ್ತು. ಒಳಗೆ ಬರಲಿಲ್ಲ.

“ರಶಿಯಾದ ಮಾಸ್ತರ್ರು ಹೇಳ್ದ್ರೆ ನೀವೇಯಾ?” ಎಂದು ಕೇಳಿದರು.

ನಾನೇ ಎಂದೆ. ಸ್ವಲ್ಪ ಹೆಮ್ಮೆಯೂ ಆಯಿತೆಂದು ಕಾಣುತ್ತದೆ.

“ನಾನು ನಾಗವೇಣಿ ಚಿಕ್ಕಪ್ಪ, ಗೋವಿಂದ ಹೇಳಿ. ಮಾವಳ್ಳಿಂದ ಬಂದೆ. ನಮ್ಮ ಅಣ್ಣ ಮಾದೇವ ಮೇ ತಿಂಗ್ಳು ಸಮುದ್ರಕ್ಕೆ ಹೋದಂವ ಬರ್ಲಿಲ್ಲ. ದೋಣಿ ಮಗಚ್ತು. ಇಬ್ರು ಈಜಿ ಬಂದ್ರು. ಅವ ಸಿಗ್ಲಿಲ್ಲ.”

ನನಗೆ ಗೊತ್ತೇ ಇರಲಿಲ್ಲ. ಆ ಹುಡುಗಿ ಕಾಲೇಜು ಶುರುವಾದ ದಿನದಿಂದಲೂ ತಲೆಗೆ ಅಬ್ಬಲಿಗೆ ಮುಡಿದುಕೊಂಡೇ ಬರುತ್ತಿದ್ದಳು. ತಂದೆ ಸತ್ತ ಮನೆಯ ಹುಡುಗಿ ಹೂ ಮುಡಿಯುತ್ತಾಳೆಯೇ? ಗೋವಿಂದ ಹೇಳಿದ ಮೇಲೆ ತಿಳಿಯಿತು. ಹೆಣ ಸಿಗದೆ ಹೋದರೆ ಅವರ ಮನೆತನದಲ್ಲಿ ಕೂಡಲೇ ಸೂತಕ ಹಿಡಿಯುವುದಿಲ್ಲ. ಕಾಯುತ್ತಾರೆ. ಕಾದು ಸಾಕಾದ ಮೇಲೆ ಒಂದು ದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ಹೋದವನ ಮಗುವನ್ನು ದಂಡೆಗೆ ಕರೆದುಕೊಂಡು ಹೋಗುತ್ತಾರೆ. ಮಗು ಸಮುದ್ರದ ಕಡೆ ಮುಖ ಮಾಡಿ ಮೂರು ಸಲ ಕರೆಯಬೇಕು. ಮೂರನೆಯ ಕರೆ ಮುಗಿದ ಕೂಡಲೇ ಮನೆಯವರು ಒಂದು ಸಣ್ಣ ಮಣ್ಣಿನ ಮಡಕೆಯಲ್ಲಿ ಸಮುದ್ರದ ನೀರು ತುಂಬಿಕೊಂಡು, ತಿರುಗಿ ನೋಡದೆ ಮನೆಗೆ ಬರಬೇಕು. ಆ ನೀರೇ ಅವನು. ಅದನ್ನು ದರ್ಭೆಯ ಬೊಂಬೆಯ ಮೇಲೆ ಚಿಮುಕಿಸಿ ಮುಂದಿನ ಕ್ರಿಯೆ ಮಾಡುತ್ತಾರೆ. ಇದೆಲ್ಲ ಶ್ರಾವಣದ ನೂಲುಹುಣ್ಣಿಮೆಯ ಒಳಗೆ ಆಗಬೇಕು. ಆ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಾರೆ. ಒಬ್ಬ ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ಇರುವ ಮನೆಯವರು ಕಾಯಿ ಬಿಡುವಂತಿಲ್ಲ, ದೋಣಿ ಮುಟ್ಟುವಂತಿಲ್ಲ.

“ಅಣ್ಣನಿಗೆ ಇದೊಂದೇ ಮಗು. ಇದು ಕರೂದಿಲ್ಲ ಹೇಳ್ತದೆ,” ಎಂದರು ಗೋವಿಂದ. “ಪುಸ್ತಕದಲ್ಲಿ ಬರ್ದದೆಯಂತೆ, ಕರ್ದ್ರೆ ಅಪ್ಪನ್ನ ಬಿಟ್ಟು ಹಾಕ್ದ ಹಾಂಗಂತೆ. ನಮ್ಮ ಮಾತು ಕೇಳೂದಿಲ್ಲ. ನೀವು ಒಂದು ಮಾತು ಹೇಳಿ ಮಾಸ್ತರ್ರೆ.”

ಅಂದು ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ನಾಗವೇಣಿಯನ್ನು ನಿಲ್ಲಿಸಿಕೊಂಡೆ. ತತ್ವಶಾಸ್ತ್ರದಲ್ಲಿ ಹೇಳಿದ್ದನ್ನು ಮನೆಯ ವ್ಯವಹಾರಕ್ಕೆ ಹಾಗೆ ಹಾಗೇ ತೆಗೆದುಕೊಳ್ಳಬಾರದು, ಅದು ಇಡೀ ಮನುಷ್ಯಕುಲದ ಬಗ್ಗೆ ಹೇಳಿದ್ದು ಎಂದೆಲ್ಲ ವಿವರಿಸಿದೆ. ಅವಳು ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಳು. ಕೊನೆಯ ಸಾಲಿನ ಅಡಿಯಲ್ಲಿ ಗೆರೆ ಎಳೆದಿದ್ದಳು.

“ನೀವೇ ಬರೆಸಿದ್ದು ಸರ್. ನಿಜ ಅಲ್ಲ ಹೇಳಾದ್ರೆ ಎಂತಕ್ಕೆ ಬರೆಸಿದ್ರಿ?”

ನನ್ನ ಬಾಡಿಗೆ ಕೋಣೆಗೆ ಬಂದು ಪುಸ್ತಕ ತೆಗೆದು ಆ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಮತ್ತೊಮ್ಮೆ ಓದಿದೆ. ಆ ವಾಕ್ಯ ಅಲ್ಲಿ ಇರಲಿಲ್ಲ. ಅದಕ್ಕೆ ಹತ್ತಿರದ ಮಾತುಗಳಿದ್ದವು, ಆದರೆ ‘ದ್ರೋಹ’ ಇರಲಿಲ್ಲ. ಅದು ನನ್ನದು. ಮಳೆಯ ಸದ್ದಿಗೆ, ನಾಲ್ಕು ಜೊತೆ ಅಗಲ ಕಣ್ಣುಗಳಿಗೆ ಮನಸೋತು ನಾನೇ ಕಟ್ಟಿ, ಸತ್ತು ಹೋದ ಒಬ್ಬ ರಶಿಯನ್ ಗ್ರಂಥಪಾಲಕರ ಬಾಯಿಗೆ ಹಾಕಿದ ಮಾತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅಂದು ಊಟಕ್ಕೂ ಕೆಳಗಿಳಿಯಲಿಲ್ಲ. ಕೆಳಗೆ ಬಟ್ಟೆ ಅಂಗಡಿ ಇಟ್ಟಿದ್ದ ಮನೆಯ ಮಾಲೀಕರು, ನವಾಯತ ಮುಸ್ಲಿಂ ಯಜಮಾನರು, “ಪ್ರೊಫೆಸರ್ ಸಾಬ್, ತಬಿಯತ್ ಸರಿ ಇಲ್ಲವಾ?” ಎಂದು ಮೆಟ್ಟಿಲ ಕೆಳಗಿಂದ ಕೂಗಿ ಕೇಳಿದರು. ಸರಿ ಇದೆ ಎಂದು ಸುಳ್ಳು ಹೇಳಿದೆ.

ಒಪ್ಪಿಕೊಳ್ಳುವುದು ನಾಳೆ, ನಾಡಿದ್ದು ಎಂದು ಎಂಟು ದಿನ ಕಳೆದೆ. ಮಾಸ್ತರ ಸುಳ್ಳು ನೋಟ್ಸು ಬರೆಸಿದ ಎಂದಾಗುತ್ತದಲ್ಲ, ಅದೇ ಅಂಜಿಕೆ. ಅಷ್ಟರಲ್ಲಿ ನಾಗವೇಣಿ ಕಾಲೇಜಿಗೆ ಬರುವುದು ನಿಂತಿತು. ನೂಲುಹುಣ್ಣಿಮೆಗೆ ಒಂಬತ್ತೋ ಹತ್ತೋ ದಿನ ಉಳಿದಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೊನ್ನಾವರದ ಬಸ್ಸು ಹತ್ತಿದೆ. ಮುರ್ಡೇಶ್ವರದ ಕ್ರಾಸಿನಲ್ಲಿ ಇಳಿದು, ಕೇಳುತ್ತ ಕೇಳುತ್ತ ಅವರ ಕೇರಿ ಮುಟ್ಟಿದೆ. ಅಂಗಳದಲ್ಲಿ, ಮಡಲಿನ ಚಪ್ಪರದ ಅಡಿಯಲ್ಲಿ, ಮನೆಯ ಇನ್ನೊಂದು ದೋಣಿ. ಅದಕ್ಕೆ ಗೋವಿಂದ ಎಣ್ಣೆ ಬಳಿಯುತ್ತಿದ್ದರು. ಆ ವರ್ಷ ಇಳಿಸಲು ಆಗುತ್ತದೋ ಇಲ್ಲವೋ ಗೊತ್ತಿಲ್ಲದ ದೋಣಿಗೆ.

ಜಗುಲಿಯಲ್ಲಿ ಮಾದೇವನ ತಾಯಿ ದೇವಮ್ಮ ಹರಿದ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಅಜ್ಜಿ.

“ಬನ್ನಿ ಮಾಸ್ತರ್ರೆ. ಪೂರಾ ಒದ್ದೆ ಆಗಿರಿ. ಕುತ್ಕಣಿ,” ಎಂದು ಮಣೆ ಸರಿಸಿದರು.

ನಾಗವೇಣಿ ಕಂಬದ ಹತ್ತಿರ ನಿಂತಳು. ಅವಳ ತಾಯಿ ಬಾಗಿಲ ಆಚೆ ಇದ್ದರು. ನನಗೆ ಕಂಡದ್ದು ಚೌಕಟ್ಟು ಹಿಡಿದಿದ್ದ ಅವರ ಕೈ ಮತ್ತು ಹಸಿರು ಬಳೆಗಳು ಮಾತ್ರ. ಪೀಠಿಕೆ ಹಾಕಿದರೆ ಧೈರ್ಯ ಕರಗುತ್ತದೆಂದು ನೇರವಾಗಿ ಹೇಳಿಬಿಟ್ಟೆ.

“ನಾಗವೇಣಿ, ನಾನು ಬರೆಸಿದ ಕೊನೇ ಸಾಲು ಈ ಪುಸ್ತಕದಲ್ಲಿ ಇಲ್ಲ. ಅದು ನಾನು ಸೇರಿಸಿದ್ದು. ಚೆಂದ ಕೇಳ್ತದೆ ಅಂತ ಸೇರಿಸಿದ್ದು. ತಪ್ಪಾಯ್ತು.”

ಅವಳು ನನ್ನನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಸಿಟ್ಟು ಇರಲಿಲ್ಲ. ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವವರ ನೋಟ.

“ಉಳ್ದದ್ದು?” ಎಂದಳು.

“ಉಳಿದದ್ದು ಅವರದ್ದೇ.”

“ಸತ್ತವ್ರನ್ನ ತಿರುಗಿ ತರ್ಬೇಕು ಹೇಳೂದು?”

“ಅದು ಅವರದ್ದೇ.”

“ಹಾಂಗಾರೆ ನಾನು ಮಾಡಿದ್ದು ಸರಿಯೇ ಆತು.”

ತಪ್ಪು ಒಪ್ಪಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಹೋಗಿದ್ದವನು ನಾನು. ಮುಂದೆ ಹೇಳಲು ಏನೂ ಇಟ್ಟುಕೊಂಡಿರಲಿಲ್ಲ. ಆಗ ಅಜ್ಜಿ ಬಲೆ ಕೆಳಗಿಟ್ಟು, “ಆ ಮನ್ಸ ಎಂತ ಹೇಳಿದ್ದ? ನಂಗೂ ಹೇಳಿ,” ಎಂದರು.

ಎರಡು ವರ್ಷ ಎಂ.ಎ. ಓದಿದವನಿಗೆ ಆ ಜಗುಲಿಯಲ್ಲಿ ಕೂತು ಹೇಳಲು ಹತ್ತು ಮಾತು ಸಿಗಲಿಲ್ಲ. ಅಮರತ್ವ, ಕರ್ತವ್ಯ, ಮನುಷ್ಯಕುಲ, ಯಾವುದೂ ನಾಲಿಗೆಗೆ ಬರಲಿಲ್ಲ. ಕೊನೆಗೆ ಹೇಗೋ ಹೇಳಿದೆ. ಹೆತ್ತವರು ಮಣ್ಣಾಗಿ ಹೋದರು ಎಂದು ಮರೆತು ಮಕ್ಕಳು ಹಾಯಾಗಿ ಇರುವುದು ಸರಿಯಲ್ಲ. ಎಲ್ಲರೂ ಜಗಳ ಬಿಟ್ಟು, ಕೂಡಿ ದುಡಿದು, ಹೋದವರ ಒಂದೊಂದು ಕಣವನ್ನೂ ಹುಡುಕಿ ಮತ್ತೆ ಜೀವ ಕೊಡಬೇಕು. ಮನುಷ್ಯರ ಕೆಲಸ ಎಂದರೆ ಇದೇ, ಹೀಗೆ ಅವರು ನಂಬಿದ್ದರು.

“ಸಮುದ್ರಕ್ಕೆ ಹೋದವ್ರನ್ನೂ?”

“ಎಲ್ಲರನ್ನೂ ಅಮ್ಮ. ಒಬ್ಬರನ್ನೂ ಬಿಡಬಾರದು ಅಂತ.”

ಅಜ್ಜಿ ಬಲೆಯನ್ನು ಮತ್ತೆ ತೊಡೆಗೆ ಎಳೆದುಕೊಂಡರು. “ಒಳ್ಳೆ ಮನ್ಸ,” ಎಂದರು. “ಎಷ್ಟು ದಿನ ಹಿಡೀತದೆ ಹೇಳಿದ್ದ?”

“ದಿನ ಹೇಳ್ಲಿಲ್ಲ. ನೂರಾರು ವರ್ಷ ಆಗಬಹುದು.”

“ಆಗ್ಲಿ. ಅಲ್ಲೀವರಿಗೆ ನನ್ನ ಮಗ ಉಪಾಸ ಇರೂದಾ?” ಈ ಮಾತನ್ನು ಅವರು ನನಗೆ ಹೇಳಲಿಲ್ಲ, ಮೊಮ್ಮಗಳ ಕಡೆ ತಿರುಗಿ ಹೇಳಿದರು. “ಕರ್ದು ಮನೆಗೆ ತಂದ್ರೆ ಅಲ್ದ ಒಂದು ಮುಷ್ಟಿ ಅನ್ನ ಹಾಕೂದು? ಕರೂದು ಹೇಳ್ದ್ರೆ ಬಿಟ್ಟು ಹಾಕೂದಲ್ಲ ಮಗಾ. ಆ ತಂಡಿಯಲ್ಲಿ ಇದ್ದಂವನ್ನ ಒಳಗೆ ತರೂದು.”

ನಾಗವೇಣಿ ಅಳಲಿಲ್ಲ. ಕಂಬದ ಮೇಲೆ ಉಗುರಿನಿಂದ ಗೆರೆ ಎಳೆಯುತ್ತ, ತುಂಬ ಮೆಲ್ಲಗೆ, “ಅಮ್ಮನ ಬಳೆ?” ಎಂದಳು.

ಅಲ್ಲಿಗೆ ನನಗೆ ಅರ್ಥವಾಯಿತು. ಆ ಒಂದೂವರೆ ತಿಂಗಳು ಈ ಹುಡುಗಿ ರಶಿಯಾದವರ ಮಾತನ್ನು ಅಡ್ಡ ಹಿಡಿದು ಕಾಯುತ್ತಿದ್ದದ್ದು ಏನನ್ನು ಎಂದು. ಅವಳು ಕರೆದರೆ ಅಪ್ಪ ಸತ್ತಂತೆ, ಅಪ್ಪ ಸತ್ತರೆ ಮರುದಿನ ಅಮ್ಮನ ಕೈ ಬರಿದು. ನನ್ನ ನೋಟ್ಸಿನ ಸಾಲೊಂದು ಅವಳಿಗೆ ಹಿಡಿದುಕೊಳ್ಳಲು ಸಿಕ್ಕಿತ್ತು, ಅಷ್ಟೆ.

ಬಾಗಿಲ ಆಚೆಯಿಂದ ಅವಳ ತಾಯಿ ಮಾತಾಡಿದರು. ನಾನು ಅವರ ದನಿ ಕೇಳಿದ್ದು ಅದೇ ಮೊದಲು, ಅದೇ ಕೊನೆ. “ಬಳೆ ನಂದು. ಅದರ ಚಿಂತೆ ನಂಗಿರ್ಲಿ. ನೀ ಅಪ್ಪನ್ನ ಕರಿ,” ಎಂದರು.

ಹೊರಟು ನಿಂತಾಗ ನಾಗವೇಣಿ ಅಂಗಳದವರೆಗೆ ಬಂದು, “ನೀವೂ ಬನ್ನಿ ಸರ್ ಆ ದಿನ,” ಎಂದಳು. ಬಸ್ಸಿನಲ್ಲಿ ಕೂತು ಯೋಚಿಸಿದೆ. ಆ ಗ್ರಂಥಪಾಲಕರ ಒಂದು ಹುಚ್ಚು ವಿಚಾರಕ್ಕೆ ಎಷ್ಟು ಜನ ವಾರಸುದಾರರು! ಆಕಾಶಕ್ಕೆ ರಾಕೆಟ್ಟು ಹಾರಿಸಿದವರು ಒಂದು ತುಂಡು ತೆಗೆದುಕೊಂಡು ಹೋದರು. ಹಡಗು ಹತ್ತಿದವರು ಒಂದು ತುಂಡು ಪರದೇಶಕ್ಕೆ ಒಯ್ದು, ಚಳಿಯ ಕೋಣೆಗಳಲ್ಲಿ ಕೂತು ಅದರ ಬಗ್ಗೆ ಬರೆದರು. ವ್ಯಾನು ಕಳಿಸಿದವರು ಅವರ ಹೆಸರನ್ನೇ ಪಟ್ಟಿಯಿಂದ ತೆಗೆದರು. ನಾನು ಅದನ್ನು ಭಟ್ಕಳದ ಕ್ಲಾಸಿನಲ್ಲಿ ಜಂಬಕ್ಕೆ ಬಳಸಿದೆ. ಇವರಲ್ಲಿ ಯಾರಿಗೂ ತೋಚದ ಪ್ರಶ್ನೆಯನ್ನು, ಅಲ್ಲೀವರೆಗೆ ಹೋದವರಿಗೆ ಅನ್ನ ಹಾಕುವವರು ಯಾರು ಎನ್ನುವುದನ್ನು, ಕೇಳಿದ್ದು ಓದು ಬಾರದ ದೇವಮ್ಮ. ಇದನ್ನು ಗುರುಗಳಿಗೆ ಕಾಗದ ಬರೆದು ತಿಳಿಸಬೇಕೆಂದು ಕೂತೆ. ಬರೆಯುತ್ತ ಬರೆಯುತ್ತ ಮತ್ತೆ ಚೆಂದದ ವಾಕ್ಯಗಳು ಬರತೊಡಗಿದವು. ಹರಿದು ಹಾಕಿದೆ.

ನೂಲುಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇದ್ದಾಗ ಕರೆದರು. ಬೆಳಿಗ್ಗೆ ಏಳೂವರೆಯ ಇಳಿತ. ನೀರು ಹಿಂದೆ ಸರಿದು ದಂಡೆಯ ಒದ್ದೆ ಹೊಯಿಗೆ ಕನ್ನಡಿಯ ಹಾಗೆ ಬಿದ್ದಿತ್ತು. ಸಣ್ಣ ಮಳೆ, ಜೋರು ಗಾಳಿ. ಅಜ್ಜಿ, ಮಡಕೆ ಹಿಡಿದ ಗೋವಿಂದ, ನಾಗವೇಣಿ, ಅವಳ ತಾಯಿ, ಸ್ವಲ್ಪ ದೂರದಲ್ಲಿ ನಾನು. ನಾಗವೇಣಿ ಅಂದು ಹೂ ಮುಡಿದಿರಲಿಲ್ಲ. ಅಲೆ ಬಂದು ಪಾದ ಮುಟ್ಟುವಲ್ಲಿ ನಿಂತಳು. ಹಿಂದೆ ತಿರುಗಿ ತಾಯಿಯನ್ನು ನೋಡಿದಳು. ಆಮೇಲೆ ಎರಡೂ ಕೈ ಬಾಯಿಯ ಹತ್ತಿರ ತಂದು ಕರೆದಳು.

“ಅಪ್ಪಾ, ಮನೆಗೆ ಬಾ.”

ಕ್ಲಾಸಿನಲ್ಲಿ ದನಿಯೇ ಏಳದ ಹುಡುಗಿ. ಅಂದು ಆ ದನಿ ಎಲ್ಲಿಂದ ಬಂತೋ. ಎರಡನೆಯ ಸಲ ಕರೆದಳು. ಸುಳ್ಳು ಯಾಕೆ ಹೇಳಲಿ, ಏನಾದರೂ ಕೇಳೀತೆಂದು ನಾನೂ ಕಿವಿಗೊಟ್ಟು ನಿಂತಿದ್ದೆ. ಮೂರನೆಯ ಸಲಕ್ಕೆ ಅವಳ ದನಿ ಒಡೆಯಿತು, ಆದರೂ ಮಾತು ಪೂರ್ತಿ ಮಾಡಿದಳು.

ಗೋವಿಂದ ನೀರು ತುಂಬಲು ಬಗ್ಗಿದರು. ಅಜ್ಜಿ ಅವರ ರಟ್ಟೆ ಹಿಡಿದು ನಿಲ್ಲಿಸಿದರು.

“ತಡಿ,” ಎಂದರು. “ಇನ್ನೊಂದು ಸಲ ಕರಿ ಮಗಾ.”

“ಮೂರಾತಲ್ಲ ಅಮ್ಮ,” ಎಂದರು ಗೋವಿಂದ. ಮೂರಕ್ಕಿಂತ ಹೆಚ್ಚು ಯಾರೂ ಎಂದೂ ಕರೆದದ್ದಿಲ್ಲ.

“ಆತು, ನಂಗೂ ಗೊತ್ತದೆ. ಗಾಳಿ ಜೋರದೆ. ಅಂವಗೆ ಕೇಳ್ಲಿಲ್ವೋ ಎಂತೋ.”

ನಾಗವೇಣಿ ಇನ್ನೊಮ್ಮೆ ಕರೆದಳು. ನಾವು ಐದೂ ಜನ ಕಾದೆವು. ಒಂದು ಅಲೆ ಬಂತು, ಹೋಯಿತು. ಇನ್ನೊಂದು ಬಂತು. ಆಮೇಲೆ ಅಜ್ಜಿ ಗೋವಿಂದನ ಕೈಯಿಂದ ಮಡಕೆ ತೆಗೆದುಕೊಂಡು, ಮೊಣಕಾಲಷ್ಟು ನೀರಿಗೆ ತಾವೇ ಇಳಿದು, ಮಗನನ್ನು ತುಂಬಿಕೊಂಡರು.